ಪದ ಪರಿಚಯ: ಸಮುದಾಯ ಆರೋಗ್ಯ ಕಾರ್ಯಕರ್ತೆ

ಈ ಹೆಸರು ಕೇಳಿದ ತಕ್ಷಣ ‘ಓ, ನರ್ಸಮ್ಮ’ ಅಂದುಕೊಳ್ಳುವವರೇ ಜಾಸ್ತಿ. ಅಲ್ಲ. ನರ್ಸ್ ಆಗಲು ವರ್ಷಗಟ್ಟಲೆ ಓದಬೇಕು. ಇವರಿಗೆ ಹೆಚ್ಚಿನ ಕಡೆ ಸಿಗುವುದು ಕೆಲವು ವಾರಗಳ ಅಥವಾ ತಿಂಗಳುಗಳ ತರಬೇತಿ. ಇಥಿಯೋಪಿಯದಂಥ ಕಡೆ ಒಂದು ವರ್ಷ. ನಮ್ಮಲ್ಲಿ ‘ಸಮುದಾಯ ಆರೋಗ್ಯ ಅಧಿಕಾರಿ’ ಅಂತ ಇನ್ನೊಂದು ಹುದ್ದೆ ಇದೆ. ಅದು ಬೇರೆ, ಇದು ಬೇರೆ.

ಮೊದಲು ‘ಸಮುದಾಯ’ ನೋಡೋಣ. ಪೇಪರ್ ಓದುವವರಿಗೆ ಗೊತ್ತು, ಈ ಪದ ಕಂಡರೆ ಎಷ್ಟೋ ಸಲ ಅಲ್ಲಿ ಜಾತಿಯ ಮಾತಿರುತ್ತದೆ. ಇಲ್ಲಿ ಹಾಗಲ್ಲ. ಇಲ್ಲಿ ಸಮುದಾಯ ಅಂದರೆ ಒಂದೇ ಕಡೆ ವಾಸ ಮಾಡುವ, ಒಂದೇ ನೀರು ಕುಡಿಯುವ ಜನ. ಕಾರ್ಯಕರ್ತೆ ಆ ಜನರಲ್ಲೇ ಒಬ್ಬಳು. ಯಾರಿಗೆ ಎಷ್ಟನೇ ತಿಂಗಳು, ಯಾರು ಕೆಮ್ಮು ಮುಚ್ಚಿಡುತ್ತಿದ್ದಾರೆ, ಯಾರು ಕ್ಷಯದ ಮಾತ್ರೆ ಅರ್ಧಕ್ಕೇ ಬಿಟ್ಟರು, ಇದೆಲ್ಲ ಡಾಕ್ಟರು ಕೇಳಿ ತಿಳಿಯಬೇಕು. ಇವಳಿಗೆ ಆಗಲೇ ಗೊತ್ತಿರುತ್ತದೆ. ಓದಿಗಿಂತ ಇದೇ ಅವಳ ದೊಡ್ಡ ಬಂಡವಾಳ. ಗಂಡಸರೂ ಈ ಕೆಲಸ ಮಾಡುತ್ತಾರೆ, ಆದರೆ ಹೆಂಗಸರೇ ಜಾಸ್ತಿ.

ಕೆಲಸ ಏನು? ಗರ್ಭಿಣಿಯರ ಲೆಕ್ಕ, ಮಕ್ಕಳ ಲಸಿಕೆ, ಓಆರ್‌ಎಸ್ ಹಂಚುವುದು, ಆಸ್ಪತ್ರೆಗೆ ಹೋಗಲು ಹಿಂಜರಿಯುವವರ ಜೊತೆ ತಾನೂ ಹೋಗುವುದು. ಓದಲು ಸಪ್ಪೆ ಅನ್ನಿಸಬಹುದು. ಆದ್ದರಿಂದ ಒಂದನ್ನೇ ಹತ್ತಿರದಿಂದ ನೋಡಿ. ಎಂಟು ತಿಂಗಳ ಮಗುವಿಗೆ ಕೆಮ್ಮು. ನ್ಯುಮೋನಿಯಾ ಇರಬಹುದಾ? ಎಕ್ಸ್‌ರೇ ಇಲ್ಲ, ಸ್ಟೆತಾಸ್ಕೋಪೂ ಇಲ್ಲ. ಅವಳು ಮಗು ಅಳು ನಿಲ್ಲಿಸುವವರೆಗೆ ಕಾಯುತ್ತಾಳೆ. ಅಂಗಿ ಮೇಲೆತ್ತಿ, ಗಡಿಯಾರ ಹಿಡಿದು, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸುತ್ತಾಳೆ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವ ಹಾಗಿಲ್ಲ, ಯಾಕಂದ್ರೆ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಈ ವಯಸ್ಸಿಗೆ 50 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಉಸಿರಾಟ ತೀರಾ ವೇಗವಾಗಿದೆ ಅಂತ ಅರ್ಥ. ವರ್ಷ ದಾಟಿದ ಮಗುವಿಗಾದರೆ 40. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಹೋಗುತ್ತಿದೆಯಾ ಅಂತಲೂ ನೋಡುತ್ತಾಳೆ. ಔಷಧಿ ಕೊಡಬೇಕಾ, ಆಸ್ಪತ್ರೆಗೆ ಕಳಿಸಬೇಕಾ ಅನ್ನುವುದು ಇದರ ಮೇಲೆ ತೀರ್ಮಾನ ಆಗುತ್ತದೆ. ಒಂದು ಗಡಿಯಾರ, ಒಂದಿಷ್ಟು ತಾಳ್ಮೆ, ಅಷ್ಟೇ ಸಲಕರಣೆ.

ಈ ಯೋಚನೆ ಹೊಸದೇನಲ್ಲ. 1960ರ ದಶಕದ ಕೊನೆಯಲ್ಲಿ ಚೀನಾದ ‘ಬರಿಗಾಲ ವೈದ್ಯರು’ ಹೆಸರುವಾಸಿಯಾದರು. ಹೊಲದ ಕೆಲಸ ಬಿಡದೆ ಊರವರಿಗೆ ಮದ್ದು ಕೊಡುತ್ತಿದ್ದ ರೈತರು ಅವರು. ಎಲ್ಲರಿಗೂ ಆರೋಗ್ಯ ಸಿಗಬೇಕು ಅಂತ ಹಲವು ದೇಶಗಳು ಸೇರಿ ಒಪ್ಪಿದ 1978ರ ಅಲ್ಮಾ ಆಟಾ ಘೋಷಣೆ ಡಾಕ್ಟರು, ನರ್ಸ್‌ಗಳ ಸಾಲಿನಲ್ಲೇ ಸಮುದಾಯದ ಕಾರ್ಯಕರ್ತರನ್ನೂ ಹೆಸರಿಸಿತು. ಆಮೇಲೆ ಒಂದೊಂದು ದೇಶ ಒಂದೊಂದು ಹೆಸರಿಟ್ಟಿತು. ಪಾಕಿಸ್ತಾನದಲ್ಲಿ 1994ರಲ್ಲಿ ‘ಲೇಡಿ ಹೆಲ್ತ್ ವರ್ಕರ್’, ಭಾರತದಲ್ಲಿ 2005ರಲ್ಲಿ ‘ಆಶಾ’.

ಇನ್ನು ‘ಕಾರ್ಯಕರ್ತೆ’. ಇಂಗ್ಲಿಷಿನ ‘ವರ್ಕರ್’ಗೆ ನಾವು ನೌಕರಳು ಅನ್ನಲಿಲ್ಲ, ಕೆಲಸಗಾರ್ತಿಯೂ ಅನ್ನಲಿಲ್ಲ. ಕಾರ್ಯಕರ್ತೆ ಅಂದೆವು. ಪಕ್ಷದ ಬಾವುಟ ಕಟ್ಟುವವರಿಗೂ ಇದೇ ಪದ ಅಲ್ವಾ? ಸಂಬಳ ಕೇಳದೆ ಓಡಾಡುವವರು ಅನ್ನುವ ವಾಸನೆ ಇದಕ್ಕೆ ಅಂಟಿಕೊಂಡಿದೆ. ‘ಆಶಾ’ ಕೂಡ ಸುಮ್ನೆ ಇಟ್ಟ ಚೆಂದದ ಹೆಸರಲ್ಲ. ‘ಅಕ್ರೆಡಿಟೆಡ್ ಸೋಷಿಯಲ್ ಹೆಲ್ತ್ ಆಕ್ಟಿವಿಸ್ಟ್’ ಎಂಬುದರ ಮೊದಲಕ್ಷರಗಳು ಸೇರಿ ಆದದ್ದು. ಅಲ್ಲಿ ‘ವರ್ಕರ್’ ಅನ್ನುವ ಪದವೇ ಇಲ್ಲ. ನೇಪಾಳದಲ್ಲಂತೂ ಹೆಸರಿನಲ್ಲೇ ‘ಸ್ವಯಂಸೇವಿಕೆ’ ಇದೆ.

ಹೆಸರಿನ ಬಿಸಿ ತಟ್ಟುವುದು ಜೇಬಿಗೆ. ಇಂಥವರಿಗೆ ಕೆಲಸದ ಹೊರೆ ಮತ್ತು ಸಮಯಕ್ಕೆ ತಕ್ಕಂತೆ ಹಣ ಕೊಡಿ, ಬರೀ ಪ್ರೋತ್ಸಾಹಧನದ ಮೇಲೆ ನಿಲ್ಲಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಸಲಹೆ ಕೊಟ್ಟಿತ್ತು. 2022ರಲ್ಲಿ ಅದೇ ಸಂಸ್ಥೆ ನಮ್ಮ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿಯನ್ನೂ ಕೊಟ್ಟಿತು. ಅವರ ಕೈಗೆ ಬರುವ ದುಡ್ಡಿಗೆ ಮಾತ್ರ ಕನ್ನಡದಲ್ಲಿ ಸಂಬಳ ಅನ್ನುವುದಿಲ್ಲ. ಗೌರವಧನ ಅನ್ನುತ್ತೇವೆ.