‘ಬಳಸುತ್ತೀರಾ?’ ಎಂದು ಕೇಳಿದರೆ ಸಿಗುವ ಉತ್ತರ

ಶ್ರೀರಾಮಪುರದ ಒಂದು ಅಡ್ಡರಸ್ತೆಯಲ್ಲಿ ದಿನಸಿ ಅಂಗಡಿ ನಡೆಸುವ, ಐವತ್ತರ ಆಸುಪಾಸಿನ ಮಹಿಳೆಯೊಬ್ಬರ ಮುಂದೆ ಕೆಲವು ವರ್ಷಗಳ ಹಿಂದೆ ನಾನು ಒಂದು ಮೊಬೈಲ್ ಆ್ಯಪಿನ ಮಾದರಿಯನ್ನು ಹಿಡಿದು ನಿಂತಿದ್ದೆ. ಸಾಲದ ಲೆಕ್ಕವನ್ನು ಪುಸ್ತಕದ ಬದಲು ಫೋನಿನಲ್ಲಿ ಬರೆದಿಡುವ, ತಿಂಗಳು ಕಳೆದರೂ ಬಾಕಿ ತೀರಿಸದ ಗಿರಾಕಿಗೆ ತಾನಾಗಿಯೇ ಸಂದೇಶ ಕಳಿಸುವ ಆ್ಯಪ್ ಅದು. “ಅಮ್ಮಾ, ಇದನ್ನು ಬಳಸುತ್ತೀರಾ?” ಎಂದು ಕೇಳಿದೆ. “ಬಳಸ್ತೀನಮ್ಮ, ಚೆನ್ನಾಗಿದೆ” ಎಂದು ಹೇಳಿ, ಕುಳಿತುಕೊಳ್ಳಲು ಸ್ಟೂಲನ್ನೂ ಮುಂದಿಟ್ಟರು. ನಾನು ಟಿಪ್ಪಣಿ ಪುಸ್ತಕದಲ್ಲಿ ‘ಒಪ್ಪಿಗೆಯಾಗಿದೆ’ ಎಂದು ಬರೆದುಕೊಂಡು ಕಚೇರಿಗೆ ಮರಳಿದೆ. ಆ ಬರಹ ತಪ್ಪು ಎಂದು ತಿಳಿಯಲು ಅದೇ ಅಂಗಡಿಗೆ ಇನ್ನೊಮ್ಮೆ ಹೋಗಬೇಕಾಯಿತು.

ಬಳಕೆದಾರರ ಅನುಭವ ವಿನ್ಯಾಸ, ಅಂದರೆ ಯುಎಕ್ಸ್ ಡಿಸೈನ್, ಎಂದೊಡನೆ ಪರದೆಯ ಬಣ್ಣ, ಗುಂಡಿಯ ಆಕಾರ, ಅಕ್ಷರದ ಗಾತ್ರ ಇವೇ ಬಹಳ ಮಂದಿಯ ಮನಸ್ಸಿಗೆ ಬರುತ್ತವೆ. 1993ರಲ್ಲಿ ಆ್ಯಪಲ್ ಸಂಸ್ಥೆಯನ್ನು ಸೇರಿದ ವಿನ್ಯಾಸ ಚಿಂತಕ ಡಾನ್ ನಾರ್ಮನ್ ಅವರು ತಮ್ಮ ಹುದ್ದೆಯ ಹೆಸರಿನಲ್ಲಿ ‘ಯೂಸರ್ ಎಕ್ಸ್‌ಪೀರಿಯೆನ್ಸ್’ ಎಂಬ ಮಾತನ್ನು ಸೇರಿಸಿಕೊಂಡದ್ದು, ಪರದೆಗೆ ಸಂಬಂಧಿಸಿದ ಆಗಿನ ಪದಗಳು ಈ ಕೆಲಸಕ್ಕೆ ಸಾಲದಷ್ಟು ಕಿರಿದಾಗಿ ಕಂಡಿದ್ದರಿಂದ. ನಮ್ಮ ಮೆಟ್ರೊವನ್ನೇ ನೋಡಬಹುದು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಮೊದಲ ರೈಲು ಓಡಿದಾಗ ಪ್ರಯಾಣಿಕರ ಕೈಯಲ್ಲಿದ್ದದ್ದು ಟೋಕನ್. ಈಗ ಅನೇಕರು ವಾಟ್ಸ್‌ಆ್ಯಪ್‌ನಲ್ಲೇ ಕ್ಯೂಆರ್ ಟಿಕೆಟ್ ಪಡೆಯುತ್ತಾರೆ. ಟಿಕೆಟ್ ಕೊಳ್ಳುವ ಪರದೆ ಎಷ್ಟೇ ಸರಳವಾಗಿರಲಿ, ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮಗು ಹಿಡಿದು ಮೆಜೆಸ್ಟಿಕ್ಕಿನ ಹೊರಬಾಗಿಲಿಗೆ ಬಂದವರ ಫೋನಿನ ಚಾರ್ಜು ಅಲ್ಲಿಯೇ ಮುಗಿದರೆ, ಅವರ ಪಾಲಿಗೆ ಇಡೀ ವ್ಯವಸ್ಥೆ ಆ ಗೇಟಿನ ಮುಂದೆ ನಿಂತುಹೋಗುತ್ತದೆ. ಆ ಗಳಿಗೆಯನ್ನು ಮೊದಲೇ ಕಾಣುವುದು ವಿನ್ಯಾಸಕಾರರ ಹೊಣೆ. ಕಚೇರಿಯ ಕುರ್ಚಿಯಲ್ಲಿ ಕುಳಿತು ಅದನ್ನು ಕಾಣಲಾಗುವುದಿಲ್ಲವಾದ್ದರಿಂದಲೇ ನಾವು ಜನರ ಬಳಿಗೆ ಹೋಗಿ ಮಾತನಾಡಿಸುತ್ತೇವೆ.

ಈ ಮಾತುಕತೆಯನ್ನು ವೃತ್ತಿಯಲ್ಲಿ ಸಂದರ್ಶನ ಎನ್ನುತ್ತೇವೆ. ಆದರೆ ಎದುರಿಗಿರುವವರ ಮುಂದೆ ನಾನು ಆ ಪದವನ್ನು ಆಡುವುದಿಲ್ಲ. ಸಂದರ್ಶನ ಎಂದರೆ ಕೆಲಸ ಕೊಡುವವರ ಮುಂದೆ ಕುಳಿತು ಸರಿಯುತ್ತರ ಹೇಳುವುದು ಎಂಬ ಅರ್ಥ ನಮ್ಮಲ್ಲಿ ಬೇರೂರಿದೆ, ಮತ್ತು ಪರೀಕ್ಷೆಗೆ ಕುಳಿತವರು ತಮಗೆ ಗೊತ್ತಿಲ್ಲದ್ದನ್ನು ಒಪ್ಪಿಕೊಳ್ಳುವುದಿಲ್ಲ. “ನಿಮ್ಮ ಹತ್ತಿರ ಅಂಗಡಿ ವಿಚಾರ ಸ್ವಲ್ಪ ಕೇಳಿ ತಿಳಿದುಕೊಳ್ಳಬೇಕಿತ್ತು” ಎಂದರೆ ಗುರುಸ್ಥಾನ ಅವರದಾಗುತ್ತದೆ.

ಮೊದಲ ಭೇಟಿಯಲ್ಲಿ ನಾನು ಎಡವಿದ್ದು ಪ್ರಶ್ನೆಯ ಕ್ರಿಯಾಪದದಲ್ಲಿ. ಕನ್ನಡದಲ್ಲಿ ‘ಬಳಸುತ್ತೀರಾ’ ಎಂಬ ರೂಪ ರೂಢಿಯನ್ನೂ ಸೂಚಿಸುತ್ತದೆ, ಮುಂದೆ ಮಾಡುವುದನ್ನೂ ಸೂಚಿಸುತ್ತದೆ. ಅದಕ್ಕೆ ಬರುವ ‘ಬಳಸ್ತೀನಿ’ ಎಂಬ ಉತ್ತರ ದಿನನಿತ್ಯದ ವರದಿಯೂ ಆಗಬಹುದು, ಮನೆಬಾಗಿಲಿಗೆ ಬಂದವರ ಮನಸ್ಸು ನೋಯಿಸಬಾರದೆಂದು ಕೊಟ್ಟ ಮಾತೂ ಆಗಬಹುದು. ಇನ್ನೂ ನಡೆಯದ ಸಂಗತಿಯ ಬಗ್ಗೆ ಯಾರೇ ಆಗಲಿ ಊಹೆಯನ್ನಷ್ಟೇ ಹೇಳಬಲ್ಲರು. ಆದ್ದರಿಂದ ಈಗ ನನ್ನ ಪ್ರಶ್ನೆಗಳೆಲ್ಲ ಭೂತಕಾಲದಲ್ಲಿರುತ್ತವೆ: ಹೋದ ಸಲ ಯಾವಾಗ, ಎಲ್ಲಿ, ಆಮೇಲೆ ಏನಾಯಿತು. ಈ ದಾರಿ ಹಳೆಯದೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಗಾಗಿ ದುಡಿದ ಮನಶ್ಶಾಸ್ತ್ರಜ್ಞ ಜಾನ್ ಫ್ಲಾನಗನ್, ಜನರ ಅಭಿಪ್ರಾಯವನ್ನು ಬಿಟ್ಟು ನಿಜವಾಗಿ ನಡೆದ ನಿರ್ಣಾಯಕ ಘಟನೆಗಳನ್ನು ವಿವರವಾಗಿ ಹೇಳಿಸುವ ವಿಧಾನವನ್ನು ರೂಪಿಸಿ, 1954ರಲ್ಲಿ ಅದನ್ನು ಪ್ರಕಟಿಸಿದರು.

ಎರಡನೆಯ ಬಾರಿ ಹೋದಾಗ ಫೋನನ್ನು ಚೀಲದಿಂದ ತೆಗೆಯಲೇ ಇಲ್ಲ. “ಹೋದ ಸಲ ಯಾರ ಬಾಕಿ ತಡವಾಯಿತು, ಆಗ ಏನು ಮಾಡಿದಿರಿ?” ಎಂದು ಕೇಳಿ ಸುಮ್ಮನಾದೆ. ಅವರು ತಕ್ಕಡಿಯ ಪಕ್ಕದಲ್ಲಿದ್ದ ಉದ್ದನೆಯ ಪುಸ್ತಕವನ್ನು ತೆರೆದು, ಎರಡು ಮನೆಯಾಚೆಗಿನ ಕುಟುಂಬವೊಂದರ ಪುಟವನ್ನು ತೋರಿಸಿದರು. ಮನೆಯ ಯಜಮಾನನ ಕೆಲಸ ತಪ್ಪಿ ಎರಡು ತಿಂಗಳಾಗಿತ್ತು. ಸಾಮಾನು ತೆಗೆದುಕೊಂಡು “ಬರ್ಕೊಳ್ಳಿ” ಎಂದು ಹೋಗುವುದು ನಡೆದೇ ಇತ್ತು. ಅವರು ಒಮ್ಮೆಯೂ ಹಣ ಕೇಳಲಿಲ್ಲ. ಹಾಲಿಗೆ ಬಂದ ಮಗುವಿನ ಕೈಯಲ್ಲಿ “ಅಮ್ಮಂಗೆ ಬಿಡುವಾದಾಗ ಈ ಕಡೆ ಬಂದುಹೋಗೋಕೆ ಹೇಳು” ಎಂದಷ್ಟೇ ಹೇಳಿ ಕಳಿಸಿದರು. ಸಂಜೆ ತಾಯಿ ಬಂದು ಆದಷ್ಟು ಕೊಟ್ಟು ಹೋದರಂತೆ. ಆ್ಯಪಿನ ಸಂದೇಶದ ಮಾತನ್ನು ನಾನು ಎತ್ತದೆಯೇ ಅವರಾಗಿ ಎತ್ತಿದರು: “ಫೋನಿಗೆ ಮೆಸೇಜ್ ಹೋದ್ರೆ ಮರ್ಯಾದೆ ಹೋದಂಗೆ ಆಗುತ್ತಮ್ಮ. ಮಾರನೇ ದಿನದಿಂದ ಆಚೆ ಅಂಗಡಿಗೆ ಹೋಗ್ತಾರೆ. ದುಡ್ಡೂ ಬರಲ್ಲ, ಜನಾನೂ ಬರಲ್ಲ.”

ನಾವು ಬಹುದೊಡ್ಡ ಅನುಕೂಲವೆಂದು ತಿಳಿದಿದ್ದದ್ದೇ ಅವರ ವ್ಯಾಪಾರಕ್ಕೆ ಪೆಟ್ಟು ಕೊಡುವಂಥದ್ದಾಗಿತ್ತು. ತಾನಾಗಿ ಹೋಗುವ ಸಂದೇಶವನ್ನು ಕೈಬಿಟ್ಟು, ಯಾರ ಬಾಕಿ ಎಷ್ಟು ದಿನದ್ದೆಂದು ಅಂಗಡಿಯವರಿಗೆ ಮಾತ್ರ ಕಾಣುವ ಪಟ್ಟಿಯನ್ನು ಮಾಡಿದೆವು. ಯಾರಿಗೆ, ಯಾವಾಗ, ಹೇಗೆ ನೆನಪಿಸಬೇಕೆಂಬ ನಿರ್ಧಾರ ಅವರ ಬಳಿಯೇ ಉಳಿಯಿತು.

ಹೊಸದಾಗಿ ಈ ಕೆಲಸಕ್ಕೆ ಬರುವ ತರುಣ ತರುಣಿಯರಿಗೆ ನಾನು ಎರಡು ಮಾತುಗಳ ಬಗ್ಗೆ ವಿಶೇಷವಾಗಿ ಎಚ್ಚರಿಸುತ್ತೇನೆ. ಒಂದು, ವಾಕ್ಯದ ಕೊನೆಯ ‘ಅಲ್ವಾ’. “ಇದು ಸುಲಭವಾಗಿದೆ ಅಲ್ವಾ?” ಎಂದ ಕೂಡಲೇ ‘ಹೌದು’ ಎನ್ನುವುದು ಎದುರಿಗಿರುವವರ ಸೌಜನ್ಯವಾಗಿಬಿಡುತ್ತದೆ. ಇನ್ನೊಂದು, ‘ಯಾಕೆ’. ಪಾಠಗಳಲ್ಲಿ ಕಾರಣವನ್ನು ಮತ್ತೆ ಮತ್ತೆ ಕೇಳಿರೆಂದು ಹೇಳಿಕೊಡುತ್ತಾರೆ, ಆದರೆ “ಯಾಕೆ ಹಾಗೆ ಮಾಡಿದಿರಿ?” ಎಂಬುದು ನಮ್ಮ ಕಿವಿಗೆ ಆಕ್ಷೇಪಣೆಯಂತೆ ಕೇಳಿಸುತ್ತದೆ, ಕೇಳಿಸಿಕೊಂಡವರು ತಮ್ಮನ್ನು ಸಮರ್ಥಿಸಿಕೊಳ್ಳಲು ತೊಡಗುತ್ತಾರೆ. “ಆಗ ನಿಮಗೆ ಏನನ್ನಿಸಿತು?” ಎಂದರೆ ಅದೇ ಕಾರಣ ನೋವಿಲ್ಲದೆ ಹೊರಬರುತ್ತದೆ. ಉತ್ತರ ಮುಗಿದಂತೆ ಕಂಡ ಮೇಲೂ ನಾಲ್ಕೈದು ಕ್ಷಣ ಮಾತನಾಡದೆ ಕಾಯಬೇಕು. ನನ್ನ ಅನುಭವದಲ್ಲಿ ಬೆಲೆಬಾಳುವ ಮಾತುಗಳು ಬಂದಿರುವುದು ಆ ಮೌನದ ನಂತರವೇ.

ಎಷ್ಟು ಜನರನ್ನು ಮಾತನಾಡಿಸಬೇಕೆಂದು ಕೇಳಿದಾಗಲೆಲ್ಲ ಐದು ಎಂಬ ಸಂಖ್ಯೆ ಕೇಳಿಬರುತ್ತದೆ. ಯುಎಕ್ಸ್ ತಜ್ಞ ಜೇಕಬ್ ನೀಲ್ಸನ್ ಅವರು 2000ದಲ್ಲಿ ಬರೆದ ಲೇಖನದಿಂದ ಹರಡಿದ ಆ ಸಂಖ್ಯೆ, ಸಿದ್ಧವಾದ ಮಾದರಿಯೊಂದನ್ನು ಜನರ ಕೈಗಿತ್ತು ದೋಷ ಹುಡುಕುವ ಪರೀಕ್ಷೆಗೆ ಸಂಬಂಧಿಸಿದ್ದು. ಜನರ ಬದುಕನ್ನು ಅರಿಯುವ ಮಾತುಕತೆಗೆ ಅದನ್ನು ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಹೊಸ ಸಂಗತಿಗಳು ಬರುವುದು ನಿಂತು, ಕೇಳಿದ್ದೇ ಮತ್ತೆ ಕೇಳಿಬರತೊಡಗುವವರೆಗೆ ನಾನು ಮುಂದುವರಿಸುತ್ತೇನೆ. ಅದರಲ್ಲೂ ಒಂದೇ ಬಡಾವಣೆಯ, ಒಂದೇ ಬಗೆಯ ಇಂಗ್ಲಿಷ್ ಬಲ್ಲವರಲ್ಲೇ ಆ ಪುನರಾವರ್ತನೆ ಕಂಡರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಧ್ವನಿಮುದ್ರಣಕ್ಕೆ ಮೊದಲು ಅನುಮತಿ ಕೇಳಬೇಕು, ಮುದ್ರಿಸಿದ್ದನ್ನು ಯಾರು ಕೇಳುತ್ತಾರೆ, ಯಾವಾಗ ಅಳಿಸುತ್ತೇವೆ ಎಂಬುದನ್ನು ಅವರ ಭಾಷೆಯಲ್ಲೇ ತಿಳಿಸಬೇಕು. ಆ ಅಂಗಡಿಯಲ್ಲಿ ತೆರೆದ ಪುಸ್ತಕದ ಚಿತ್ರ ತೆಗೆಯಬಹುದಿತ್ತು, ತೆಗೆಯಲಿಲ್ಲ. ಅದರಲ್ಲಿದ್ದ ಹೆಸರುಗಳ ಪರವಾಗಿ ಒಪ್ಪಿಗೆ ಕೊಡುವ ಹಕ್ಕು ಅಂಗಡಿಯವರಿಗೂ ಇರಲಿಲ್ಲ. ಬದಲಿಗೆ, ಹತ್ತಿರದ ಹೋಟೆಲಿನಲ್ಲಿ ಕಾಫಿ ಹೇಳಿ, ಪುಟದ ಎಡಕ್ಕೆ ಅವರ ಮಾತನ್ನು ಅವರು ಆಡಿದಂತೆಯೇ, ಬಲಕ್ಕೆ ನನ್ನ ಊಹೆಯನ್ನು ಬೇರೆಯಾಗಿ ಬರೆದುಕೊಂಡೆ. ಎಡಭಾಗದಲ್ಲಿ ‘ಮರ್ಯಾದೆ’ ಎಂಬ ಪದ ಮೂರು ಸಲ ಬಂದಿತ್ತು. ನಮ್ಮ ಮಾದರಿಯ ಯಾವ ಪರದೆಯಲ್ಲೂ ಅದಕ್ಕೆ ಜಾಗವಿರಲಿಲ್ಲ.