ಕ್ಯಾನ್ಸರ್ ಪೇಷಂಟ್‌ಗೆ ಊಟದ ಸಲಹೆ: ಎಲ್ಲಿಂದ ಶುರು ಮಾಡ್ಬೇಕು

ಈ ಚಾಪ್ಟರ್‌ನಲ್ಲಿ ಮೊದಲು ತಲೇಲಿ ಕೂರಿಸ್ಕೋಬೇಕಾಗಿರೋದು ಒಂದೇ, ಕ್ಯಾನ್ಸರ್ ಬಂದೋರು ಸೊರಗೋದು ಬರೀ ಊಟ ಕಮ್ಮಿ ಆಗಿದ್ದಕ್ಕಲ್ಲ. ಗಡ್ಡೆಯಿಂದಾಗಿ ಮೈಯೆಲ್ಲಾ ಉರಿಯೂತ ಇರುತ್ತೆ, ಅದು ಹಸಿವನ್ನೂ ಕೊಲ್ಲುತ್ತೆ, ಸ್ನಾಯುವನ್ನೂ ಕರಗಿಸುತ್ತೆ, ಇದೇ ಕ್ಯಾಕೆಕ್ಸಿಯಾ. ಅದಕ್ಕೇ "ಚೆನ್ನಾಗಿ ತಿನ್ನಿ" ಅಂತ ಒತ್ತಾಯ ಮಾಡಿದ್ರೆ ಪೇಷಂಟ್‌ಗೆ ಹಿಂಸೆ, ಮನೆಯವರಿಗೆ ಸಂಕಟ ಅಷ್ಟೇ.

ಕ್ಯಾಕೆಕ್ಸಿಯಾ ಅನ್ನೋಕೆ 2011ರಲ್ಲಿ ತಜ್ಞರು ಒಪ್ಪಿದ ಅಳತೆ ನೆನಪಿಡಿ: 6 ತಿಂಗಳಲ್ಲಿ 5%ಗಿಂತ ಜಾಸ್ತಿ ತೂಕ ಇಳಿದಿರ್ಬೇಕು, ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕದ ಅಳತೆ) 20ಕ್ಕಿಂತ ಕಮ್ಮಿ ಇದ್ರೆ ಅಥವಾ ಸ್ನಾಯು ಆಗ್ಲೇ ಕರಗಿದ್ರೆ 2% ದಾಟಿದ್ರೂ ಸಾಕು. ಅಂದ್ರೆ 60 ಕೆಜಿ ಇದ್ದೋರು 57ಕ್ಕಿಂತ ಕೆಳಗಿಳಿದ್ರೆ ಸುಮ್ನೆ ಕೂರಂಗಿಲ್ಲ. ದಪ್ಪ ಇರೋರಲ್ಲಿ ಸ್ನಾಯು ಹೋಗಿರೋದು ಕಣ್ಣಿಗೆ ಕಾಣಲ್ಲ, ಇದನ್ನ ತುಂಬಾ ಜನ ಮಿಸ್ ಮಾಡ್ತಾರೆ, ಹಾಗಾಗಿ ಟ್ರೀಟ್‌ಮೆಂಟ್ ಶುರುವಾದಾಗಿಂದ್ಲೇ ಎಲ್ಲರ ತೂಕ ಬರೆದಿಡ್ಬೇಕು.

ಗುರಿ: ದಿನಕ್ಕೆ ಮೈತೂಕದ ಪ್ರತಿ ಕೆಜಿಗೆ 25ರಿಂದ 30 ಕಿಲೋಕ್ಯಾಲರಿ, ಪ್ರೋಟೀನ್ 1 ಗ್ರಾಂಗಿಂತ ಜಾಸ್ತಿ, ಸಾಧ್ಯವಾದ್ರೆ 1.5 ಗ್ರಾಂ ತನಕ.

ಆದ್ರೆ ಲೆಕ್ಕಕ್ಕಿಂತ ಮುಂಚೆ ಏನು ಅಡ್ಡಿ ಆಗ್ತಿದೆ ಅಂತ ಕೇಳಿ. ಬಾಯಿ ಹುಣ್ಣಾಗಿದ್ರೆ ಮೆತ್ತಗಿರೋದು, ಖಾರ ಹುಳಿ ಇಲ್ಲದ್ದು, ತಣ್ಣಗಿರೋದು; ವಾಸನೆಗೇ ವಾಕರಿಕೆ ಬಂದ್ರೆ ಬಿಸಿ ಊಟಕ್ಕಿಂತ ಆರಿದ್ದು ಮೇಲು; ಎರಡು ತುತ್ತಿಗೇ ಹೊಟ್ಟೆ ತುಂಬಿದ್ರೆ ಸ್ವಲ್ಪ ಸ್ವಲ್ಪವೇ ಆಗಾಗ ಕೊಡೋದು, ಊಟದ ಜೊತೆ ನೀರು ಜಾಸ್ತಿ ಕುಡಿಸದೇ ಇರೋದು. ನೋವು, ಮಲಬದ್ಧತೆ ಕೂಡ ಹಸಿವು ಕೆಡಿಸುತ್ತೆ, ಅದಕ್ಕೆ ಡಾಕ್ಟರ್ ಹತ್ರ ಔಷಧಿ ಕೇಳ್ಬೇಕೇ ಹೊರತು ಡಯಟ್ ಚಾರ್ಟ್ ಬದಲಾಯಿಸಿ ಪ್ರಯೋಜನ ಇಲ್ಲ.

ಸಕ್ಕರೆ ಪೂರ್ತಿ ಬಿಟ್ರೆ ಗಡ್ಡೆ ಉಪವಾಸ ಬಿದ್ದು ಸಾಯುತ್ತೆ ಅನ್ನೋದನ್ನ ದಯವಿಟ್ಟು ಯಾರಿಗೂ ಹೇಳ್ಬೇಡಿ. ಗ್ಲೂಕೋಸ್ ಎಲ್ಲಾ ಜೀವಕೋಶಕ್ಕೂ ಬೇಕು, ತಿನ್ನದಿದ್ರೆ ದೇಹವೇ ತಯಾರಿಸ್ಕೊಳ್ಳುತ್ತೆ, ಅದಕ್ಕೆ ಸ್ನಾಯುವನ್ನೂ ಒಡೆಯುತ್ತೆ. ಮೊದಲೇ ಸೊರಗಿರೋರಿಗೆ ಇಂಥ ಪಥ್ಯ ನಿಜವಾಗ್ಲೂ ಅಪಾಯ.

ಬಾಯಲ್ಲಿ ಸಾಲದೇ ಹೋದ್ರೆ ಮೊದಲು ನ್ಯೂಟ್ರಿಷನ್ ಡ್ರಿಂಕ್, ಆಮೇಲೆ ಟ್ಯೂಬ್, ಕರುಳು ಕೆಲಸ ಮಾಡದಿದ್ರೆ ಮಾತ್ರ ರಕ್ತನಾಳದ ಮೂಲಕ. ತುಂಬಾ ದಿನ ತಿನ್ನದೇ ಇದ್ದೋರಿಗೆ ಒಂದೇ ಸಲ ಜಾಸ್ತಿ ಕೊಟ್ರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದು ಹೃದಯಕ್ಕೇ ತೊಂದರೆ ಆಗ್ಬಹುದು, ಇದು ರೀಫೀಡಿಂಗ್ ಸಿಂಡ್ರೋಮ್. ಅದಕ್ಕೆ ಥಯಮಿನ್ (ವಿಟಮಿನ್ ಬಿ1) ಮೊದಲು, ಆಹಾರ ನಿಧಾನಕ್ಕೆ, ಬ್ಲಡ್ ಟೆಸ್ಟ್ ಮತ್ತೆ ಮತ್ತೆ.