ಸಾಂಬಾರಿಗೆ ಹೊಸ ಪದ ಬೇಕೆ?

ಕನ್ನಡದ ಕತೆಯೊಂದನ್ನು ಎಸ್ಪೆರಾಂಟೊ ಎಂಬ ಕೃತಕವಾಗಿ ಕಟ್ಟಿದ ಅಂತರರಾಷ್ಟ್ರೀಯ ಭಾಷೆಗೆ ಮೊದಲ ಸಲ ಅನುವಾದಿಸಿದಾಗ ಊಟದ ಎಲೆಯನ್ನು ಹಾಗೆಯೇ ಎತ್ತಿಕೊಂಡು ಹೋಗಿದ್ದೆ. ಆ ಭಾಷೆಯಲ್ಲಿ ನಾಮಪದಗಳು ಒಕಾರದಲ್ಲಿ ಮುಗಿಯಬೇಕು, ಅಷ್ಟೇ ತಾನೆ ಎಂದು ಸಾಂಬಾರಿಗೆ ‘ಸಂಬಾರೊ’ ಎಂದು ಬರೆದೆ. ಕರಡು ಓದಿದ ಹಿರಿಯರೊಬ್ಬರು ಅಂಚಿನಲ್ಲಿ ಬರೀ ಪ್ರಶ್ನೆಚಿಹ್ನೆ ಹಾಕಿ ವಾಪಸು ಕಳಿಸಿದರು. ‘ಸಮ್’ ಅಂದರೆ ಅದೇ, ‘ಬಾರೊ’ ಅಂದರೆ ತಡೆ. ನನ್ನ ಕಥಾನಾಯಕಿ ಅನ್ನಕ್ಕೆ ‘ಅದೇ ಅಡ್ಡಿ’ ಸುರಿದುಕೊಂಡು ಉಣ್ಣುತ್ತಿದ್ದಳು!

ಎಸ್ಪೆರಾಂಟೊವನ್ನು ಕಟ್ಟಿದ ಜಾಮೆನ್‌ಹಾಫ್ 1887ರಲ್ಲಿ ವಾರ್ಸಾದಲ್ಲಿ ಈ ಭಾಷೆಯನ್ನು ಪ್ರಕಟಿಸಿದಾಗ ಕೊಟ್ಟದ್ದು ಸುಮಾರು 900 ಧಾತುಗಳನ್ನು, ಅಂದರೆ ಪದಗಳನ್ನು ಕಟ್ಟುವ ಮೂಲ ತುಣುಕುಗಳನ್ನು. ಇದು ಸಮಾಜದ ಸೊತ್ತು, ನನಗೆ ಹಕ್ಕಿಲ್ಲ ಎಂದು ಅದೇ ಪುಸ್ತಕದಲ್ಲಿ ಬರೆದುಬಿಟ್ಟರು. ಹಾಗಾಗಿ ಹೊಸ ಪದ ಟಂಕಿಸಲು ಯಾರ ಅಪ್ಪಣೆಯೂ ಬೇಡ. ‘ಸ್ಟಾರ್ ಟ್ರೆಕ್’ ಚಿತ್ರಗಳ ಅನ್ಯಗ್ರಹದವರಿಗಾಗಿ ಕಟ್ಟಿದ ಕ್ಲಿಂಗಾನ್ ಭಾಷೆ ಇದಕ್ಕೆ ತದ್ವಿರುದ್ಧ. ಅದನ್ನು ಕಟ್ಟಿದ ಮಾರ್ಕ್ ಓಕ್ರಾಂಡ್ ಕೊಟ್ಟ ಪದಗಳನ್ನಷ್ಟೇ ಅಲ್ಲಿನವರು ಒಪ್ಪುತ್ತಾರೆ. ಪದವಿಲ್ಲದಿದ್ದರೆ ಅನುವಾದಕ ಸುತ್ತಿ ಬಳಸಿ ಹೇಳಬೇಕು. ಮೊದಲು ತಿಳಿಯಬೇಕಾದದ್ದು ನಾವು ಯಾರ ಮನೆಗೆ ಹೋಗಿದ್ದೇವೆ ಎಂಬುದನ್ನು.

ಎಸ್ಪೆರಾಂಟೊದಲ್ಲಿ ಅಪ್ಪಣೆ ಬೇಡ ನಿಜ, ಓದುಗನ ಮೇಲೆ ದಯೆಯಂತೂ ಬೇಕು. ಆತ ಸ್ವಲ್ಪವೇ ಧಾತುಗಳನ್ನು ಕಲಿತು, ಉಳಿದದ್ದನ್ನು ತಾನೇ ಬಿಡಿಸಿಕೊಳ್ಳಬಹುದು ಎಂಬ ನಂಬಿಕೆಯಿಂದ ಬಂದವನು. ಆಸ್ಪತ್ರೆಗೆ ‘ಮಲ್‌ಸನುಲೆಯೊ’ ಎನ್ನುತ್ತಾರೆ. ‘ಮಲ್’ ವಿರುದ್ಧಾರ್ಥ, ‘ಸನ್’ ಆರೋಗ್ಯ, ‘ಉಲ್’ ವ್ಯಕ್ತಿ, ‘ಎಯ್’ ಸ್ಥಳ: ಕಾಯಿಲೆಯವರ ತಾಣ. ‘ಹೊಸ್ಪಿತಾಲೊ’ ಎಂಬುದೂ ಇದೆ. ಯುರೋಪಿನವರಿಗೆ ಸಲೀಸು, ಬೇರೆಯವರಿಗೆ ಬಾಯಿಪಾಠದ ಇನ್ನೊಂದು ಪದ. ಕವಿಗಳು ‘ಮಲ್‌ಬೋನ’ (ಕೆಟ್ಟ) ಉದ್ದವಾಯಿತೆಂದು ‘ಮಾವ’ ಎಂಬ ಚಿಕ್ಕ ಪದವನ್ನು ತಂದರು. ಕನ್ನಡಿಗರಿಗೆ ನಗು ಬಂದರೆ ಅದು ಅವರ ತಪ್ಪಲ್ಲ. ಗದ್ಯದಲ್ಲಿ ಮಾತ್ರ ಇಂಥದ್ದನ್ನು ನಾನು ಮುಟ್ಟುವುದಿಲ್ಲ.

ನನ್ನನ್ನು ನಿಜಕ್ಕೂ ಕಾಡಿದ್ದು ನೆಂಟಸ್ತಿಕೆ. ಅವಿಭಕ್ತ ಕುಟುಂಬದ ಕತೆಯೊಂದರಲ್ಲಿ ಒಂದೇ ಅಡುಗೆಮನೆಯಲ್ಲಿ ಅತ್ತಿಗೆ, ನಾದಿನಿ, ಓರಗಿತ್ತಿ ಮೂವರೂ ಇದ್ದರು. ಎಸ್ಪೆರಾಂಟೊದಲ್ಲಿ ಮೂವರೂ ‘ಬೋಫ್ರತೀನೊ’. ಯಾರು ಯಾರ ಮೇಲೆ ಸಿಡುಕಿದರು ಎಂಬುದೇ ತಿಳಿಯದೆ ಜಗಳ ಸಪ್ಪೆಯಾಯಿತು. ಮೂರು ಹೊಸ ಧಾತು ಹುಟ್ಟಿಸಲು ಕೈ ತುರಿಸಿತು, ತಡೆದೆ. ‘ಗಂಡನ ತಂಗಿ’ ಎಂಬಂತೆ ಒಮ್ಮೆ ಬಿಡಿಸಿ ಹೇಳಿ, ಮುಂದೆ ಹೆಸರಿನಿಂದಲೇ ಕರೆದೆ. ಕರೆಯುವ ಮಾತು ಮಾತ್ರ ಬೇರೆ ಲೆಕ್ಕ. ಸಂಭಾಷಣೆಯಲ್ಲಿ ‘ಅತ್ತಿಗೆ’ ಎಂಬುದನ್ನು ಓರೆ ಅಕ್ಷರದಲ್ಲಿ ಹಾಗೆಯೇ ಉಳಿಸಿದೆ, ಬಾಲಕ್ಕೆ ಒಕಾರ ಅಂಟಿಸಲಿಲ್ಲ. ಒಕಾರ ಅಂಟಿಸಿದರೆ ಪದ ಆ ಮನೆಯದ್ದಾಗಿಬಿಡುತ್ತದೆ, ಬಿಟ್ಟರೆ ನೆಂಟನಾಗಿಯೇ ಉಳಿಯುತ್ತದೆ. ನೆಂಟರನ್ನು ಯಾರೂ ಬೇಡ ಅನ್ನುವುದಿಲ್ಲ.

ಬೇರೆ ದಾರಿಯೇ ಇಲ್ಲದಿದ್ದರೆ ಟಂಕಿಸೋಣ. ಎಸ್ಪೆರಾಂಟೊದ ತಳಹದಿಯ ನಿಯಮಪುಸ್ತಕವಾದ 1905ರ ‘ಫುಂದಮೆಂತೊ’ದ 15ನೇ ನಿಯಮ ಒಂದು ಜಾಣತನ ಕಲಿಸುತ್ತದೆ: ಹಲವು ಭಾಷೆಗಳಲ್ಲಿರುವ ಪದವನ್ನು ತೆಗೆದುಕೊಳ್ಳಿ, ಆದರೆ ಮೂಲ ರೂಪವೊಂದೇ ಸಾಕು, ಉಳಿದದ್ದನ್ನು ಪ್ರತ್ಯಯಗಳಿಂದ ಕಟ್ಟಿ. ಬಳಿಕ ಪದವನ್ನು ಒಡೆದು ನೋಡಬೇಕು, ಒಳಗೆ ಇನ್ನೊಂದು ಪದ ಅವಿತಿರಬಾರದು. ಮೊದಲ ಬಾರಿ ಬಂದಲ್ಲೇ ಅರ್ಥ ತಿಳಿಯುವಂತೆ ವಾಕ್ಯ ಕಟ್ಟಬೇಕು. ಇನ್ನು ನಿಮ್ಮದೇ ಸೃಷ್ಟಿಯನ್ನು ನೀವೇ ಪದಪಟ್ಟಿಗೆ ಸೇರಿಸಿ ‘ಬಳಕೆಯಲ್ಲಿದೆ’ ಎನ್ನುವುದು ಅಸಭ್ಯತೆ. ಬೇರೆಯವರು ಬಳಸಲಿ, ಆಮೇಲೆ ನೋಡೋಣ.

ಸಾಂಬಾರಿನ ಕತೆಗೆ ಬರೋಣ. ‘ಅತ್ಸೀದ ಸೂಪೊ’ ಎಂದು ತಿದ್ದಿದೆ, ಹುಳಿಯಾದ ಸಾರು. ಏನೋ ಕಳೆದುಕೊಂಡೆನಲ್ಲ ಎಂದು ಬೇಜಾರಿತ್ತು. ಮೂಲಕತೆ ತೆಗೆದು ನೋಡಿದರೆ ಲೇಖಕರು ಎಲ್ಲೂ ಸಾಂಬಾರ್ ಎಂದಿರಲೇ ಇಲ್ಲ. ನಮ್ಮ ಮನೆಯಲ್ಲಿ ಅಮ್ಮ ಹೇಳುವಂತೆ ‘ಹುಳಿ’ ಎಂದೇ ಬರೆದಿದ್ದರು.